ಶ್ರೇಯಾಂಕದ ಕಾಲಮ್ಮಿನಲ್ಲಿ ಗ್ರಂಥಸಂಪಾದನೆಗೆ ಸ್ಥಳವೆಲ್ಲಿ?

ಕೇಂದ್ರ ಶಿಕ್ಷಣ ಸಚಿವಾಲಯವು ಉನ್ನತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸಿದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಎರಡು ಬಗೆಯ ಬರಹಗಳು ಕಾಣಿಸಿಕೊಳ್ಳುತ್ತವೆ. ವಿಶ್ವವಿದ್ಯಾಲಯಗಳ ವರ್ಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಮತ್ತೆ ಮೊದಲ ಸ್ಥಾನದಲ್ಲಿದೆಯೆಂಬ ಸಂತೋಷ ಒಂದು. ಮೊದಲ ನೂರು ಕಾಲೇಜುಗಳಲ್ಲಿ ಕರ್ನಾಟಕದವು ಬೆರಳೆಣಿಕೆಗೆ ನಿಂತುಹೋದುವಲ್ಲ ಎಂಬ ಕೊರಗು ಇನ್ನೊಂದು. ಕಾಲೇಜುಗಳ ಪಟ್ಟಿಯ ಬಹುಭಾಗವನ್ನು ದೆಹಲಿ, ತಮಿಳುನಾಡು, ಕೇರಳಗಳೇ ತುಂಬಿಕೊಂಡಿವೆ. ಈ ಸಂತೋಷದಲ್ಲಿಯೂ ಕೊರಗಿನಲ್ಲಿಯೂ ನನ್ನ ಪಾಲಿದೆ. ಆದರೆ ಮೂವತ್ತಕ್ಕೆ ಸಮೀಪಿಸಿದ ವರ್ಷಗಳಿಂದ ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳುತ್ತಿರುವ ನನಗೆ ಆ ಪಟ್ಟಿಯನ್ನು ನೋಡಿದಾಗಲೆಲ್ಲ ಏಳುವ ಪ್ರಶ್ನೆ ಬೇರೆಯದು. ಒಂದು ಕನ್ನಡ ವಿಭಾಗವು ಮಾಡಬಹುದಾದ ಅತ್ಯಂತ ಶ್ರಮದ, ಅತ್ಯಂತ ಬಾಳಿಕೆಯ ಕೆಲಸವು ಈ ಅಳತೆಯ ಯಾವ ಕಾಲಮ್ಮಿನಲ್ಲಿ ಸೇರುತ್ತದೆ? ನಾನು ಕಂಡುಕೊಂಡ ಮಟ್ಟಿಗೆ, ಒಂದೋ ಯಾವುದರಲ್ಲಿಯೂ ಸೇರುವುದಿಲ್ಲ, ಇಲ್ಲವೇ ತನ್ನದಲ್ಲದ ಕಾಲಮ್ಮಿನಲ್ಲಿ ಸೇರುತ್ತದೆ.

ಎನ್‌ಐಆರ್‌ಎಫ್ ಎಂದು ನಾವೆಲ್ಲ ಕರೆಯುವ ಈ ಚೌಕಟ್ಟು 2015ರ ಸೆಪ್ಟೆಂಬರಿನಲ್ಲಿ ರೂಪುಗೊಂಡಿತು. ಮೊದಲ ಪಟ್ಟಿ 2016ರಲ್ಲಿ ಬಂದಿತು. ಕಾಲೇಜುಗಳಿಗೆ ಪ್ರತ್ಯೇಕ ವರ್ಗ ದೊರೆತದ್ದು ಅದರ ಮರುವರ್ಷ. ವಿಶ್ವವಿದ್ಯಾಲಯಗಳ ಮಟ್ಟಿಗೆ ನೂರು ಅಂಶಗಳಲ್ಲಿ ಬೋಧನೆ, ಕಲಿಕೆ ಮತ್ತು ಸಂಪನ್ಮೂಲಗಳಿಗೆ 30, ಸಂಶೋಧನೆ ಮತ್ತು ವೃತ್ತಿಪರ ಚಟುವಟಿಕೆಗೆ 30, ಪದವೀಧರರ ಫಲಿತಾಂಶಕ್ಕೆ 20, ಎಲ್ಲರನ್ನೂ ಒಳಗೊಳ್ಳುವ ಗುಣಕ್ಕೆ 10, ಜನಾಭಿಪ್ರಾಯಕ್ಕೆ 10. ಮೇಲುನೋಟಕ್ಕೆ ಇದರಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲ. ಸಂಶೋಧನೆಯ ಭಾಗಕ್ಕೆ ಇಳಿದಾಗ ತೊಡಕು ಕಾಣುತ್ತದೆ. ಅಲ್ಲಿ ಪ್ರಕಟಣೆಗಳ ಸಂಖ್ಯೆಯನ್ನೂ ಅವುಗಳಿಗೆ ದೊರೆತ ಉಲ್ಲೇಖಗಳ ಸಂಖ್ಯೆಯನ್ನೂ ತೆಗೆದುಕೊಳ್ಳುವುದು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಎರಡು ಅಂತರರಾಷ್ಟ್ರೀಯ ದತ್ತಕೋಶಗಳಿಂದ. ಅದೂ ಹಿಂದಿನ ಮೂರು ವರ್ಷಗಳ ಅವಧಿಗೆ ಸೀಮಿತವಾಗಿ. ಇವು ಪ್ರಧಾನವಾಗಿ ಇಂಗ್ಲಿಷ್ ನಿಯತಕಾಲಿಕೆಗಳ ಸೂಚಿಗಳು. ಕನ್ನಡದಲ್ಲಿ ಬರೆದ ಸಂಶೋಧನ ಲೇಖನಕ್ಕೆ ಅಲ್ಲಿ ಪ್ರವೇಶವಿಲ್ಲವೆಂದರೆ ತಪ್ಪಾಗದು. ಕನ್ನಡದಲ್ಲಿ ಸಂಪಾದಿತವಾದ ಪ್ರಾಚೀನ ಕೃತಿಗಂತೂ ಆ ಮಾತೇ ಇಲ್ಲ. ರಸಾಯನಶಾಸ್ತ್ರ ವಿಭಾಗದ ಸಹೋದ್ಯೋಗಿ ವರ್ಷಕ್ಕೆ ನಾಲ್ಕು ಲೇಖನಗಳನ್ನು ಪ್ರಕಟಿಸಿ ಸಂಸ್ಥೆಯ ಅಂಕವನ್ನು ಏರಿಸುವಾಗ ಕನ್ನಡ ವಿಭಾಗದ ಸಾಲಿನಲ್ಲಿ ಸೊನ್ನೆ ಕುಳಿತಿರುತ್ತದೆ. ಆ ಸೊನ್ನೆಯನ್ನು ನೋಡಿದ ಆಡಳಿತ ಮಂಡಳಿಯವರು ಕನ್ನಡ ವಿಭಾಗ ಏನನ್ನೂ ಮಾಡುತ್ತಿಲ್ಲವೆಂದು ತಿಳಿದರೆ ಅವರನ್ನು ದೂಷಿಸಲಾಗದು; ಅವರ ಮುಂದಿರುವ ಕಾಗದ ಹೇಳುವುದೇ ಅದನ್ನು.

ಮೂರು ವರ್ಷದ ಅವಧಿಯೆಂಬುದು ಇನ್ನೂ ಸೂಕ್ಷ್ಮವಾದ ತೊಡಕು. ವಿಜ್ಞಾನದ ಲೇಖನವೊಂದು ಬೇಗ ಹುಟ್ಟಿ, ಬೇಗ ಉಲ್ಲೇಖಗೊಂಡು, ಬೇಗ ಹಳತಾಗುತ್ತದೆ. ಅದು ಆ ಶಾಸ್ತ್ರದ ಸ್ವಭಾವ. ನಮ್ಮ ಕ್ಷೇತ್ರದ ನಡೆ ಹಾಗಿಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಹೊರಬಂದವು. ಒಂದು ಕೃತಿಗೆ ಇಪ್ಪತ್ತೆರಡು ವರ್ಷ. ಅದರಲ್ಲಿಯ ಕಾಲನಿರ್ಣಯಗಳು ಎಷ್ಟೋ ಕಡೆ ತಿದ್ದುಪಡಿಗೊಂಡಿವೆ. ಆದರೂ ಮಧ್ಯಕಾಲದ ಅಪ್ರಸಿದ್ಧ ಕವಿಯೊಬ್ಬನ ಮೇಲೆ ಇಂದು ಬರೆಯಹೊರಟವನು ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಅಚ್ಚಾದದ್ದು 1966ರಲ್ಲಿ. ಡಾಕ್ಟರೇಟ್ ಪದವಿಗಾಗಿ ಬರೆದ ಆ ಪ್ರಬಂಧವನ್ನು ಅರ್ಧ ಶತಮಾನ ಕಳೆದ ಮೇಲೂ ಇತಿಹಾಸದವರು, ಸಮಾಜಶಾಸ್ತ್ರದವರು, ಸಾಹಿತ್ಯದವರು ಒಂದೇ ಸಮನೆ ಬಳಸುತ್ತಿದ್ದಾರೆ. ಇಂಥ ಉಲ್ಲೇಖಗಳನ್ನು ಎಣಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಮೂರು ವರ್ಷದ ಕಿಟಕಿಯಿಂದ ಅದು ನೋಡುವುದು ಏನನ್ನು?

ಶ್ರೇಯಾಂಕವನ್ನು ಬಿಟ್ಟು ಮಾನ್ಯತೆಯ ಕಡೆಗೆ ಬರೋಣ. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿಯನ್ನುಳ್ಳ ನ್ಯಾಕ್, ಎಂದರೆ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ, ಪುಸ್ತಕಗಳನ್ನು ಎಣಿಸುತ್ತದೆ. ಕನ್ನಡ ಪುಸ್ತಕಗಳನ್ನೂ ಎಣಿಸುತ್ತದೆ. ಆ ಮಟ್ಟಿಗೆ ಅದು ಉದಾರಿ. ಆದರೆ ಎಣಿಸುವ ಕ್ರಮವನ್ನು ನೋಡಿ. ಸ್ವತಂತ್ರ ಗ್ರಂಥ, ಸಂಪಾದಿತ ಸಂಕಲನದಲ್ಲಿಯ ಒಂದು ಅಧ್ಯಾಯ, ವಿಚಾರಸಂಕಿರಣದ ನಡವಳಿಯಲ್ಲಿ ಅಚ್ಚಾದ ಒಂದು ಪ್ರಬಂಧ, ಇವು ಮೂರೂ ಒಂದೇ ಮಾಪಕದಲ್ಲಿ ಸೇರಿ, ಕೂಡಿಸಿ, ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಲ್ಪಡುತ್ತವೆ. ಐಎಸ್‌ಬಿಎನ್ ಸಂಖ್ಯೆಯೊಂದಿದ್ದರೆ ಆಯಿತು. ಆರು ಓಲೆಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟು, ಪೀಠಿಕೆ, ಶಬ್ದಕೋಶ, ಪದ್ಯಗಳ ಅಕಾರಾದಿ ಸಹಿತ ಪ್ರಕಟವಾದ ಐನೂರು ಪುಟಗಳ ಗ್ರಂಥವೂ ಒಂದು; ಸಂಕಿರಣದ ಹಿಂದಿನ ರಾತ್ರಿ ಬರೆದ ನಾಲ್ಕು ಪುಟವೂ ಒಂದು.

ಅಧ್ಯಾಪಕರ ಬಡ್ತಿಯ ನಿಯಮಗಳಲ್ಲಿಯೂ ಇದೇ ದೃಷ್ಟಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಕೋಷ್ಟಕದಂತೆ ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಒಂದು ಸಂಶೋಧನ ಲೇಖನಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರು ಪ್ರಕಟಿಸಿದ ಸ್ವತಂತ್ರ ಗ್ರಂಥಕ್ಕೂ 10 ಅಂಕ. ಅನುವಾದಿತ ಗ್ರಂಥಕ್ಕೆ 8. ಅಂಥ ಪ್ರಕಾಶಕರಿಗಾಗಿ ಗ್ರಂಥವನ್ನು ಸಂಪಾದಿಸಿದವರಿಗೂ 8. ಇಲ್ಲಿ ‘ಸಂಪಾದಕ’ ಎಂಬ ಮಾತೇ ನಮ್ಮನ್ನು ಕೆಡಿಸಿತೆಂದು ನನಗೆ ಅನ್ನಿಸುವುದುಂಟು. ಹತ್ತು ಜನರಿಂದ ಲೇಖನ ತರಿಸಿ, ಒಟ್ಟುಗೂಡಿಸಿ, ಮುನ್ನುಡಿ ಬರೆದವನೂ ಸಂಪಾದಕ. ಲಿಪಿಕಾರನ ಕೈತಪ್ಪನ್ನೂ ಕವಿಯ ಪ್ರಯೋಗವನ್ನೂ ಬೇರ್ಪಡಿಸಲು ವರ್ಷಗಟ್ಟಲೆ ಹೆಣಗಿದವನೂ ಸಂಪಾದಕ. ಕನ್ನಡದಲ್ಲಿ ಮೊದಲನೆಯದನ್ನು ಸಂಕಲನ, ಎರಡನೆಯದನ್ನು ಗ್ರಂಥಸಂಪಾದನೆ ಎಂದು ಬೇರ್ಪಡಿಸುವ ಪದ್ಧತಿ ವಿದ್ವಾಂಸರಲ್ಲಿದೆ. ಕೋಷ್ಟಕವನ್ನು ರಚಿಸಿದವರಿಗೆ ಆ ಭೇದ ತಿಳಿಯದು. (ಸಂಪಾದನೆಯೆಂದರೆ ಗಳಿಕೆ ಎಂಬ ಇನ್ನೊಂದು ಅರ್ಥವೂ ಇದೆ, ಆ ಅರ್ಥದಲ್ಲಿ ಮೊದಲನೆಯವನೇ ನಿಜವಾದ ಸಂಪಾದಕ.)

ಡಿ.ಎಲ್. ನರಸಿಂಹಾಚಾರ್ಯರನ್ನು ಈ ಕೋಷ್ಟಕದ ಮುಂದೆ ನಿಲ್ಲಿಸಿ ನೋಡುವುದು ಕ್ರೂರವಾದ ವಿನೋದವಾದೀತು. 1949ರಲ್ಲಿ ಅವರು ಹೊರತಂದ ‘ವಡ್ಡಾರಾಧನೆ’ಯ ಆವೃತ್ತಿಯನ್ನು ಬಿಟ್ಟು ಹಳಗನ್ನಡ ಗದ್ಯದ ಪಾಠವನ್ನು ನಾವು ಯಾರೂ ಆರಂಭಿಸಲಾರೆವು. ಗ್ರಂಥಸಂಪಾದನ ಶಾಸ್ತ್ರಕ್ಕೆ ಕನ್ನಡದಲ್ಲಿ ಆಧಾರಗ್ರಂಥವನ್ನು ಬರೆದುಕೊಟ್ಟವರೂ ಅವರೇ. ಅವರಿಗಿದ್ದ ಪಾಂಡಿತ್ಯಕ್ಕೆ ಹೋಲಿಸಿದರೆ ಅವರು ಪ್ರಕಟಿಸಿದ್ದು ಕಡಮೆ; ಸಂದೇಹ ಉಳಿದ ಪಾಠವನ್ನು ಅಚ್ಚಿಗೆ ಕೊಡಲೊಲ್ಲದ ಸ್ವಭಾವ ಅವರದು. ಜಿ. ವೆಂಕಟಸುಬ್ಬಯ್ಯನವರ ನಿದರ್ಶನ ನನ್ನಂಥವರಿಗೆ ಇನ್ನೂ ಹತ್ತಿರದ್ದು, ಏಕೆಂದರೆ ಅವರು ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದುಡಿದವರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದಿತು. ಎಂಟನೆಯ ಸಂಪುಟ ಬರುವಾಗ 1995. ವಿದ್ವಾಂಸರ ದೊಡ್ಡ ತಂಡವೇ ದುಡಿದ ಆ ಕಾರ್ಯದಲ್ಲಿ ಯಾವ ವರ್ಷ ಯಾರಿಗೆ ಎಷ್ಟು ಅಂಕವೆಂದು ಹಂಚುವುದು ಸಾಧ್ಯವೆ? ವೆಂಕಟಸುಬ್ಬಯ್ಯನವರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. ಆಗ ಅವರು ನೂರು ದಾಟಿದ್ದರು. ವ್ಯಕ್ತಿಗೆ ಗೌರವ ತಡವಾಗಿಯಾದರೂ ಬರುತ್ತದೆ. ಅಂಥ ವ್ಯಕ್ತಿಗೆ ಬಿಡುವು ಕೊಟ್ಟು, ಗ್ರಂಥಾಲಯ ಕೊಟ್ಟು, ವಿದ್ಯಾರ್ಥಿಗಳನ್ನು ಕೊಟ್ಟು ಬೆಳೆಸುವ ಕಾಲೇಜಿಗೆ ನಮ್ಮ ರಾಷ್ಟ್ರೀಯ ಮಾಪನದಲ್ಲಿ ಏನು ದೊರೆಯುತ್ತದೆ ಎಂಬುದು ನನ್ನ ಪ್ರಶ್ನೆ.

ಒಂದು ಕಾಲಕ್ಕೆ ಕಾಲೇಜುಗಳೇ ಇಂಥ ಕೆಲಸದ ನೆಲೆಗಳಾಗಿದ್ದವು ಎಂಬುದನ್ನು ಹೊಸ ತಲೆಮಾರಿನ ಸಂಶೋಧಕರು ನೆನಪಿನಲ್ಲಿಡಬೇಕು. ‘ಪ್ರಬುದ್ಧ ಕರ್ಣಾಟಕ’ವನ್ನು 1919ರಲ್ಲಿ ಹುಟ್ಟುಹಾಕಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ, ಅದರ ಹಿಂದಿದ್ದವರು ಅಲ್ಲಿಯ ಅಧ್ಯಾಪಕರಾದ ಎ.ಆರ್. ಕೃಷ್ಣಶಾಸ್ತ್ರಿಗಳು. ಯಾವ ಆಯೋಗದ ಪಟ್ಟಿಯಲ್ಲಿಯೂ ಅದು ಇರಲಿಲ್ಲ, ಯಾವ ಅಂಕವೂ ಅದರಿಂದ ಯಾರಿಗೂ ಬರುತ್ತಿರಲಿಲ್ಲ. ಇಂದು ಅಂಥ ಪತ್ರಿಕೆಯನ್ನು ಆರಂಭಿಸಬೇಕೆಂದರೆ ಸಹೋದ್ಯೋಗಿಗಳು ಕೇಳುವ ಮೊದಲ ಪ್ರಶ್ನೆ, ಅದು ‘ಲಿಸ್ಟಿನಲ್ಲಿ ಇದೆಯೇ’ ಎಂಬುದು. ಲಿಸ್ಟಿನ ಕಥೆಯೂ ಸ್ವಾರಸ್ಯಕರ. 2019ರಲ್ಲಿ ಯುಜಿಸಿ ಕೇರ್ ಎಂಬ ಪತ್ರಿಕೆಗಳ ಪಟ್ಟಿ ಜಾರಿಗೆ ಬಂದಿತು. ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಅದರಲ್ಲಿ ಜಾಗ ದೊರೆಯಿತು. ನಾವು ಅದನ್ನು ಅರ್ಥ ಮಾಡಿಕೊಂಡು ಹೊಂದಿಕೊಳ್ಳುವಷ್ಟರಲ್ಲಿ 2025ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟದ್ದಾಗಿ ಆಯೋಗ ತಿಳಿಸಿತು.

ಇಷ್ಟನ್ನೂ ನಿಯಮಗಳ ಮೇಲಿನ ದೂರಾಗಿ ಬರೆದು ಮುಗಿಸಿದ್ದರೆ ನಾನು ಪ್ರಾಮಾಣಿಕನಾಗುತ್ತಿರಲಿಲ್ಲ. ಈ ನಿಯಮಗಳ ಕೈಯಾಗಿ ನಾನೇ ಮಾಡಿದ ಒಂದು ಕೆಲಸವನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆಗೆ ಸೇರಿದ ವಿದ್ಯಾರ್ಥಿಯೊಬ್ಬ ತನ್ನ ತಾಯಿಯ ಊರಿನ ಒಂದು ಮನೆಯಲ್ಲಿ ಓಲೆಗರಿಯ ಕಟ್ಟೊಂದನ್ನು ಕಂಡು ಬಂದಿದ್ದ. ನಾನೂ ಹೋಗಿ ನೋಡಿದೆ. ಅದೊಂದು ಸಾಂಗತ್ಯ ಕೃತಿ. ಕೊನೆಯ ಗರಿಗಳು ಇಲ್ಲವಾದ್ದರಿಂದ ಕವಿಯ ಕಾಲ ತಿಳಿಯುವಂತಿರಲಿಲ್ಲ. ಅದೇ ಕೃತಿಯ ಒಂದು ಕಾಗದದ ಪ್ರತಿ ಸಂಬಂಧಿಕರ ಮನೆಯಲ್ಲಿ ಇದ್ದೀತೆಂದು ಮನೆಯ ಹಿರಿಯರು ಹೇಳಿದರು. ಹುಡುಗ ಅದನ್ನೇ ಸಂಪಾದಿಸುತ್ತೇನೆಂದ. ಹಳೆಯ ಬರವಣಿಗೆಯನ್ನು ಓದಲು ತಾನೇ ಕಲಿತಿದ್ದ. ರಜೆಯಲ್ಲಿ ಎರಡು ಸಂಧಿಗಳನ್ನು ನಕಲು ಮಾಡಿ ತಂದೂ ತೋರಿಸಿದ. ನಾನು ಅವನನ್ನು ಕೂರಿಸಿಕೊಂಡು ಲೆಕ್ಕ ಹೇಳಿದೆ. ಪ್ರತಿಗಳನ್ನು ಹುಡುಕಲು ಒಂದು ವರ್ಷ, ಓದಿ ಹೋಲಿಸಲು ಎರಡು ವರ್ಷ, ಪೀಠಿಕೆಗೆ ಇನ್ನೊಂದು. ಆಗ ಜಾರಿಯಲ್ಲಿದ್ದ 2016ರ ನಿಯಮದಂತೆ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಬೇಕು, ಎರಡು ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿರಬೇಕು. ಹೆಸರೇ ತಿಳಿಯದ ಕೃತಿಯ ಪಾಠಾಂತರಗಳ ಬಗ್ಗೆ ಯಾವ ಪತ್ರಿಕೆ ಬರೆಸಿಕೊಳ್ಳುತ್ತದೆ? ಮುಂದೆ ನೇಮಕಾತಿಯ ಸಂದರ್ಶನದಲ್ಲಿ ಇದಕ್ಕೆ ಎಷ್ಟು ಅಂಕ? “ಸರ್, ಮೊದಲು ಇದನ್ನು ಮುಗಿಸಿ ಆಮೇಲೆ ಲೇಖನಗಳನ್ನು ನೋಡಿಕೊಂಡರೆ ಆಗದೇ?” ಎಂದು ಕೇಳಿದ. ಆಗದು ಎಂದೆ. ಕಾದಂಬರಿಗಳ ಮೇಲೆ ವಿಷಯವೊಂದನ್ನು ಸೂಚಿಸಿದೆ; ಕೊನೆಯಲ್ಲಿ ‘ಒಂದು ಅಧ್ಯಯನ’ ಎಂದು ಸೇರಿಸಿದರೆ ಶೀರ್ಷಿಕೆಯೂ ಸಿದ್ಧ. ನಾಲ್ಕು ವರ್ಷಗಳಲ್ಲಿ ಪದವಿ ಬಂದಿತು, ಲೇಖನಗಳೂ ಬಂದವು. ಆ ಪ್ರಬಂಧವನ್ನು ನಾನು ಎರಡನೆಯ ಸಲ ತೆರೆದಿಲ್ಲ. ಅವನೂ ತೆರೆದಿರಲಾರ. ಈಗ ಅವನು ಅತಿಥಿ ಉಪನ್ಯಾಸಕ. ಈಚೆಗೆ ಆ ಊರಿಗೆ ಹೋದಾಗ ವಿಚಾರಿಸಿದನಂತೆ. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಿದ್ದಾರೆ. ಅಟ್ಟದ ಮೇಲಿದ್ದ ಸಾಮಾನುಗಳ ಜೊತೆಗೆ ಕಟ್ಟು ಎಲ್ಲಿ ಹೋಯಿತೆಂದು ಮನೆಯವರಿಗೂ ತಿಳಿಯದು. ಉಳಿದಿರುವುದು ಅವನು ನಕಲು ಮಾಡಿದ ಆ ಎರಡು ಸಂಧಿಗಳಷ್ಟೇ.

ನನ್ನ ಸಲಹೆ ವ್ಯಾವಹಾರಿಕವಾಗಿ ಸರಿಯೇ ಇತ್ತು. ಈ ಮಾತನ್ನು ನಾನು ಸಮರ್ಥನೆಗಾಗಿ ಹೇಳುತ್ತಿಲ್ಲ. ಶ್ರೇಷ್ಠತೆಯ ಹೆಸರಿನ ವ್ಯವಸ್ಥೆಯೊಂದು ಒಬ್ಬ ಅಧ್ಯಾಪಕನಿಂದ, ಒಳ್ಳೆಯ ಉದ್ದೇಶದಿಂದಲೇ, ಇಂಥ ಸಲಹೆಯನ್ನು ಕೊಡಿಸುತ್ತದೆಯಲ್ಲ, ಅದು ಯೋಚಿಸಬೇಕಾದ ವಿಷಯ. ಕನ್ನಡ ನಾಡಿನ ಬೇರೆ ಬೇರೆ ವಿಭಾಗಗಳಲ್ಲಿ ಇದೇ ಸಲಹೆಯನ್ನು ಕೊಟ್ಟ ಬೇರೆ ಮಾರ್ಗದರ್ಶಕರು ಇದ್ದಾರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹಸ್ತಪ್ರತಿಯ ಲಿಪಿಯನ್ನು ಸರಾಗವಾಗಿ ಓದಬಲ್ಲ ನಲವತ್ತರ ಒಳಗಿನ ಅಧ್ಯಾಪಕರನ್ನು ನಿಮ್ಮ ಜಿಲ್ಲೆಯಲ್ಲಿ ಎಣಿಸಿ ನೋಡಿ.

ಇನ್ನೊಂದು ಪ್ರಸಂಗ ಅಷ್ಟು ಭಾರವಾದುದಲ್ಲ, ನಗು ತರಿಸುವಂಥದು. ನಾನು ಹಿಂದೆ ಕೆಲಸ ಮಾಡಿದ ಕಾಲೇಜೊಂದರಲ್ಲಿ ಶನಿವಾರ ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ ಐದಾರು ವಿದ್ಯಾರ್ಥಿಗಳು ಕುಳಿತು ಹಳಗನ್ನಡ ಕಾವ್ಯವನ್ನು ಓದುತ್ತಿದ್ದೆವು. ಒಬ್ಬ ಓದುವುದು, ಇನ್ನೊಬ್ಬ ಬಿಡಿಸುವುದು, ತಪ್ಪಿದಲ್ಲಿ ನಾನು ಸೇರುವುದು. ಹೆಸರಿಲ್ಲ, ವರದಿಯಿಲ್ಲ. ಮಾನ್ಯತಾ ತಂಡ ಬರುವ ವರ್ಷ ಇದನ್ನು ‘ಉತ್ತಮ ರೂಢಿ’ಯೆಂದು ತೋರಿಸಬಹುದೆಂದು ಯಾರಿಗೋ ಹೊಳೆಯಿತು. ಸುತ್ತೋಲೆ ಬೇಕು, ಹಾಜರಿ ಪಟ್ಟಿ ಬೇಕು, ಫಲಿತಾಂಶದ ವರದಿ ಬೇಕು, ಸ್ಥಳ ಮತ್ತು ಸಮಯ ಮೂಡಿರುವ ಜಿಯೋಟ್ಯಾಗ್ ಛಾಯಾಚಿತ್ರ ಬೇಕು. ಐದು ಜನರ ಚಿತ್ರ ಚೆನ್ನಾಗಿ ಕಾಣದೆಂದು ವಾಣಿಜ್ಯ ವಿಭಾಗದಿಂದ ಮೂವತ್ತು ವಿದ್ಯಾರ್ಥಿಗಳನ್ನು ಕರೆತಂದು ಕೂರಿಸಿದೆವು. ಅವರ ಕೈಗೆ ಕೊಡಲು ಅಷ್ಟು ಪ್ರತಿಗಳಿರಲಿಲ್ಲ. ಸಿಕ್ಕಿದ ಪಠ್ಯಪುಸ್ತಕಗಳನ್ನು ಕೊಟ್ಟೆವು. ಆಮೇಲೆ ವಾರವಾರವೂ ದಾಖಲೆ ಇಡಬೇಕಾಯಿತು. ಆ ವರ್ಷ ಕಳೆಯುವಷ್ಟರಲ್ಲಿ ಮೊದಲಿನ ಐದು ಜನರೂ ಬರುವುದನ್ನು ಬಿಟ್ಟಿದ್ದರು. ಚಿತ್ರಗಳು ಕಡತದಲ್ಲಿ ಭದ್ರವಾಗಿವೆ.

ಆದರೆ ಮಾನ್ಯತೆಯ ವ್ಯವಸ್ಥೆಯಿಂದ ಒಳಿತೇ ಆಗಿಲ್ಲವೆಂದು ಹೇಳುವವರ ಜೊತೆಗೆ ನಾನಿಲ್ಲ. ನಾನು ಸೇವೆಗೆ ಸೇರಿದಾಗ ಎಷ್ಟೋ ಕಾಲೇಜುಗಳಲ್ಲಿ ಗ್ರಂಥಾಲಯದ ಪುಸ್ತಕಗಳು ಬೀರುವಿನೊಳಗೆ ಬೀಗ ಹಾಕಿಕೊಂಡು ಇರುತ್ತಿದ್ದವು. ವಿದ್ಯಾರ್ಥಿನಿಯರಿಗೆ ಶೌಚಾಲಯ ಇರುತ್ತಿರಲಿಲ್ಲ. ಹಿಂದಿನ ವರ್ಷ ಎಷ್ಟು ಜನ ತೇರ್ಗಡೆಯಾದರೆಂದು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ. ತಂಡ ಬರುತ್ತದೆಂಬ ಭಯದಿಂದಲಾದರೂ ಇವೆಲ್ಲ ಸರಿಹೋದವು. ಗ್ರಾಮಾಂತರದ ಸರ್ಕಾರಿ ಕಾಲೇಜುಗಳ ಪ್ರಾಂಶುಪಾಲರಿಗೆ ಇಲಾಖೆಯ ಮುಂದೆ ಕೊಠಡಿಗಾಗಿ ವಾದಿಸಲು ಒಂದು ಆಯುಧ ದೊರೆಯಿತು. 2017ರ ಪರಿಷ್ಕರಣೆಯಲ್ಲಿ ಸುಮಾರು 70 ಪ್ರತಿಶತ ಭಾರವನ್ನು ಅಂಕಿ ಅಂಶಗಳಿಗೆ ಕೊಟ್ಟದ್ದಕ್ಕೂ ಕಾರಣವಿತ್ತು. ಬಂದ ತಂಡದವರ ಮರ್ಜಿಗೆ ಬಿಟ್ಟರೆ ಉಪಚಾರವೇ ಅಂಕವಾಗುತ್ತದೆಂಬ ಶಂಕೆ ಆಧಾರವಿಲ್ಲದ್ದಲ್ಲ. 2025ರ ಫೆಬ್ರವರಿಯಲ್ಲಿ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿದ್ದು ಎಲ್ಲರಿಗೂ ತಿಳಿದಿದೆ. ಆದ್ದರಿಂದ ‘ಸಂಖ್ಯೆಗಳನ್ನು ಬಿಡಿ, ವಿದ್ವಾಂಸರ ವಿವೇಚನೆಗೆ ಒಪ್ಪಿಸಿ’ ಎಂದು ಸುಲಭವಾಗಿ ಹೇಳಿಬಿಡಲಾರೆ.

ಕನ್ನಡ ವಿಭಾಗದವರಾದ ನಮ್ಮ ತಪ್ಪನ್ನೂ ಮರೆಮಾಚಬಾರದು. ಯಾರೂ ಅಳೆಯದಿದ್ದ ಕಾಲದಲ್ಲಿ ನಮ್ಮಲ್ಲಿ ಎಲ್ಲರೂ ಗ್ರಂಥಸಂಪಾದನೆಯಲ್ಲಿ ಮುಳುಗಿರಲಿಲ್ಲ. ಹಳದಿಗಟ್ಟಿದ ಟಿಪ್ಪಣಿಗಳನ್ನೇ ಇಪ್ಪತ್ತು ವರ್ಷ ಓದಿದವರು ಇದ್ದರು. ಅಳತೆ ಬಂದಾಗ ಅದನ್ನು ಪ್ರಶ್ನಿಸುವ ಬದಲು ತುಂಬಿಕೊಡುವ ಉಪಾಯಗಳನ್ನು ಹುಡುಕಿದೆವು. ಹಣ ಕಟ್ಟಿದರೆ ಹದಿನೈದು ದಿನಗಳಲ್ಲಿ ಲೇಖನವನ್ನು ಅಚ್ಚುಹಾಕುವ ಪತ್ರಿಕೆಗಳು ಬೆಳೆದದ್ದು ನಮ್ಮ ದುಡ್ಡಿನಿಂದ. ಪರಸ್ಪರ ಪುಸ್ತಕಗಳಲ್ಲಿ ಅಧ್ಯಾಯ ಬರೆದುಕೊಂಡು ಐಎಸ್‌ಬಿಎನ್ ಸಂಖ್ಯೆಗಳನ್ನು ಕೂಡಿಹಾಕಿದೆವು. ಕನ್ನಡ ಅಧ್ಯಾಪಕರ ಸಂಘಟನೆಗಳು ವೇತನಕ್ಕಾಗಿ, ಪಠ್ಯಕ್ಕಾಗಿ, ಕಾರ್ಯಭಾರಕ್ಕಾಗಿ ಮನವಿ ಕೊಟ್ಟಿವೆ. ಹಸ್ತಪ್ರತಿ ಸಂಪಾದನೆಗೆ ಮಾಪಕದಲ್ಲಿ ಸ್ಥಾನ ಬೇಕೆಂದು ಮನವಿ ಕೊಟ್ಟದ್ದು ನನ್ನ ಗಮನಕ್ಕೆ ಬಂದಿಲ್ಲ. ನಾನೂ ಕೊಟ್ಟಿಲ್ಲ.

ವ್ಯಕ್ತಿಗಳಿಗೆ ಕೊಡುವ ಪ್ರಶಸ್ತಿಗಳಿಂದ ಈ ಕೊರತೆ ತುಂಬುತ್ತದೆಯೆ? ಶಾಲಾ ಶಿಕ್ಷಕರಿಗೆ ಮಾತ್ರ ಇದ್ದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಯನ್ನು 2023ರಿಂದ ಉನ್ನತ ಶಿಕ್ಷಣಕ್ಕೂ ವಿಸ್ತರಿಸಲಾಗಿದೆ. ಪ್ರಶಸ್ತಿಪತ್ರ, ಬೆಳ್ಳಿಯ ಪದಕ, 50,000 ರೂಪಾಯಿ. ಸ್ವಾಗತಾರ್ಹವಾದ ಕ್ರಮ. ಆ ವರ್ಷ ಒಟ್ಟು 75 ಶಿಕ್ಷಕರಲ್ಲಿ ಉನ್ನತ ಶಿಕ್ಷಣದವರು 13. ಸರ್ಕಾರದ್ದೇ 2021-22ರ ಸಮೀಕ್ಷೆಯಂತೆ ದೇಶದಲ್ಲಿ 1,168 ವಿಶ್ವವಿದ್ಯಾಲಯಗಳು, 45,473 ಕಾಲೇಜುಗಳು, ಸುಮಾರು 16 ಲಕ್ಷ ಅಧ್ಯಾಪಕರು. ಹದಿಮೂರು ಪದಕಗಳಿಂದ ವಿಷಯದ ಆಯ್ಕೆ ಬದಲಾಗದು. ಸಂಶೋಧನೆಗೆ ಸೇರಿದ ಹುಡುಗ ಮಾರ್ಗದರ್ಶಕನ ಮುಂದೆ ಕುಳಿತಾಗ ಅಲ್ಲಿ ಕೆಲಸ ಮಾಡುವುದು ಪದಕವಲ್ಲ, ಕೋಷ್ಟಕ. ಸಾಹಿತ್ಯ ಅಕಾಡೆಮಿಯ ಭಾಷಾ ಸಮ್ಮಾನ್ 1996ರಿಂದ ಪ್ರಾಚೀನ ಮತ್ತು ಮಧ್ಯಕಾಲೀನ ಸಾಹಿತ್ಯದ ವಿದ್ವಾಂಸರನ್ನು ಗುರುತಿಸುತ್ತಿದೆ. ಅದರ ತೂಕ ದೊಡ್ಡದು; ಆದರೆ ಅದು ಜೀವಮಾನದ ಸಾಧನೆಗೆ ಸಲ್ಲುವ ಗೌರವ. ಜೀವಮಾನದ ಸಾಧನೆಯನ್ನು ಆರಂಭಿಸಲು ಮೂವತ್ತರ ವಯಸ್ಸಿನವನಿಗೆ ಅನುವು ಬೇಕಲ್ಲ.

ಹೊರಗಿನ ಒಂದು ಕ್ರಮವನ್ನು ಇಲ್ಲಿ ನೋಡಬಹುದು. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುವ ಆರ್‌ಇಎಫ್ ಎಂಬ ಪದ್ಧತಿ 2014ರಲ್ಲಿಯೂ 2021ರಲ್ಲಿಯೂ ನಡೆಯಿತು. 2021ರಲ್ಲಿ ವಿಷಯವಾರು 34 ಸಮಿತಿಗಳಿದ್ದವು. ಸಂಸ್ಥೆಗಳು ಕಳುಹಿಸಿದ ಕೃತಿಗಳನ್ನು ಆ ವಿಷಯದ ವಿದ್ವಾಂಸರು ಓದಿಯೇ ದರ್ಜೆ ಕೊಡುತ್ತಾರೆ. ಪಾಂಡಿತ್ಯಪೂರ್ಣ ಆವೃತ್ತಿಗೆ, ಎಂದರೆ ನಮ್ಮ ಗ್ರಂಥಸಂಪಾದನೆಗೆ, ಅಲ್ಲಿ ಪ್ರತ್ಯೇಕ ಬಗೆಯೇ ಇದೆ. ದೀರ್ಘಕಾಲದ ಶ್ರಮ ಬೇಡುವ ಗ್ರಂಥವನ್ನು ಎರಡು ಕೃತಿಗಳ ತೂಕಕ್ಕೆ ಎಣಿಸಬೇಕೆಂದು ಕೋರಲು ಅವಕಾಶವಿದೆ. ವೆಲ್ಷ್ ಭಾಷೆಯಲ್ಲಿ ಬರೆದದ್ದನ್ನು ವೆಲ್ಷ್ ಬಲ್ಲವರೇ ಓದುವ ಏರ್ಪಾಡೂ ಉಂಟು. ಆ ಪದ್ಧತಿಯ ವೆಚ್ಚದ ಬಗ್ಗೆ, ಅದು ಅಧ್ಯಾಪಕರ ಮೇಲೆ ಹೇರುವ ಒತ್ತಡದ ಬಗ್ಗೆ ಅಲ್ಲಿಯವರೇ ಸಾಕಷ್ಟು ದೂರಿದ್ದಾರೆ. ಅದನ್ನು ಹಾಗೆಯೇ ತರಬೇಕೆಂದು ನಾನು ಹೇಳುವುದಿಲ್ಲ. ಕೃತಿಯನ್ನು ಓದಿ ಅಳೆಯುವುದು ಆಡಳಿತದ ದೃಷ್ಟಿಯಿಂದ ಅಸಾಧ್ಯವೆಂಬ ವಾದ ಮಾತ್ರ ಅದರಿಂದ ಬಿದ್ದುಹೋಗುತ್ತದೆ. ಕನ್ನಡದ ಎಷ್ಟು ಸಂಪಾದಿತ ಗ್ರಂಥಗಳು ವರ್ಷಕ್ಕೆ ಬರುತ್ತವೆ? ಮೂವರು ವಿದ್ವಾಂಸರು ಹೆಸರು ಮುಚ್ಚಿಟ್ಟುಕೊಂಡು, ಲಿಖಿತ ಕಾರಣ ಕೊಟ್ಟು, ಅವನ್ನೆಲ್ಲ ಓದಿ ಮುಗಿಸಲು ಒಂದು ಬೇಸಿಗೆಯ ರಜೆ ಸಾಕು.

ಬೇಕಾದುದು ಹೆಚ್ಚೇನಿಲ್ಲ. ಮಾಪಕದಲ್ಲಿ ಗ್ರಂಥಸಂಪಾದನೆ, ಶಾಸನಗಳ ಓದು, ನಿಘಂಟು ಮತ್ತು ಸೂಚಿ, ಪ್ರಾಚೀನ ಕೃತಿಗಳ ಅನುವಾದ ಇವು ‘ಸಂಪಾದಿತ ಪುಸ್ತಕ’ದ ಕಾಲಮ್ಮಿನಿಂದ ಹೊರಬಂದು ತಮ್ಮದೇ ಹೆಸರಿನಲ್ಲಿ ನಿಲ್ಲಲಿ. ಇವುಗಳ ಮಟ್ಟಿಗೆ ಮೂರು ವರ್ಷದ ಅವಧಿ ಹತ್ತಾಗಲಿ. ಅಂಥ ಕೆಲಸಕ್ಕೆ ಕೈಹಾಕಿದ ಅಧ್ಯಾಪಕನಿಗೆ ಕಾರ್ಯಭಾರದಲ್ಲಿ ರಿಯಾಯಿತಿ ಕೊಟ್ಟ ಕಾಲೇಜಿಗೆ ಅಂಕ ಸಲ್ಲಲಿ. ಈ ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಬಿಡುವಿಲ್ಲದೆ ಪಾಠನಿರ್ಣಯ ನಡೆಯದು. ವಾರಕ್ಕೆ ಹದಿನಾರು ಗಂಟೆ ಪಾಠ ಹೇಳಿ, ಉಳಿದ ಹೊತ್ತಿನಲ್ಲಿ ದಾಖಲೆ ತುಂಬುವವನು ಓಲೆಗರಿಯ ಮುಂದೆ ಕೂರುವುದು ಯಾವಾಗ?

ಇದನ್ನು ಕೇಳಲು ಈಗ ಸಮಯವೂ ಕೂಡಿಬಂದಿದೆ. ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸಿನಂತೆ ನ್ಯಾಕ್‌ನ ದರ್ಜೆಗಳ ಪದ್ಧತಿ ಹೋಗಿ ‘ಮಾನ್ಯತೆ ಇದೆ, ಇಲ್ಲ’ ಎಂಬ ಎರಡೇ ನಿರ್ಣಯಗಳ ಪದ್ಧತಿಯೂ, ಅದರ ಮೇಲೆ ಐದು ಹಂತಗಳ ಏಣಿಯೂ ಬರುವುದೆಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಯುಜಿಸಿಯ 2025ರ ಜನವರಿಯ ಕರಡು ನಿಯಮಾವಳಿ ಅಧ್ಯಾಪಕರ ಗಮನಾರ್ಹ ಕೊಡುಗೆಗಳಲ್ಲಿ ಭಾರತೀಯ ಭಾಷೆಗಳಲ್ಲಿಯ ಬೋಧನೆಯನ್ನೂ ಭಾರತೀಯ ಜ್ಞಾನಪರಂಪರೆಯ ಸಂಶೋಧನೆಯನ್ನೂ ಹೆಸರಿಸಿದೆ. ಜ್ಞಾನಪರಂಪರೆಯ ಮಾತು ದೊಡ್ಡದಾಗಿ ಕೇಳಿಸುತ್ತಿದೆ. ಆ ಪರಂಪರೆ ಇರುವುದು ಯಾವುದರಲ್ಲಿ? ಅಟ್ಟದ ಮೇಲಿನ ಕಟ್ಟುಗಳಲ್ಲಿ. ಅವನ್ನು ಓದಬಲ್ಲವರನ್ನು ತಯಾರಿಸುವ ವಿಭಾಗಕ್ಕೆ ಸೊನ್ನೆ ಹಾಕುತ್ತ ಪರಂಪರೆಯ ಮೇಲೆ ಸಂಕಿರಣ ನಡೆಸುವುದರಲ್ಲಿ ಅರ್ಥವಿಲ್ಲ. ಸೂತ್ರಗಳು ಬದಲಾಗುವ ಹೊತ್ತಿನಲ್ಲಿ ಬಾಯಿಬಿಡದಿದ್ದರೆ ಮುಂದಿನ ಹತ್ತು ವರ್ಷ ಮತ್ತೆ ಅಧ್ಯಾಪಕರ ಕೊಠಡಿಯಲ್ಲಿಯೇ ಗೊಣಗಬೇಕಾಗುತ್ತದೆ.

ಮನವಿಗೆ ಆಧಾರ ಬೇಕು. ಅದಕ್ಕಾಗಿ ಒಂದು ಪಟ್ಟಿಯನ್ನು ಮಾಡತೊಡಗಿದ್ದೇನೆ. 2000ದಿಂದ ಈಚೆಗೆ ಪದವಿ ಕಾಲೇಜುಗಳಲ್ಲಿ ಸೇವೆಯಲ್ಲಿದ್ದಾಗಲೇ ಅಧ್ಯಾಪಕರು ಸಂಪಾದಿಸಿ ಪ್ರಕಟಿಸಿದ ಪ್ರಾಚೀನ ಕೃತಿಗಳು, ಬಳಸಿದ ಪ್ರತಿಗಳ ಸಂಖ್ಯೆ ಮತ್ತು ಅವು ಇರುವ ಸ್ಥಳ, ತೆಗೆದುಕೊಂಡ ವರ್ಷಗಳು, ಅಚ್ಚಾದ ಪ್ರತಿಗಳು, ಆ ವರ್ಷ ಆ ಕಾಲೇಜಿನ ಸಂಶೋಧನಾಂಕದಲ್ಲಿ ಅದು ಎಣಿಕೆಗೆ ಬಂದಿತೇ ಇಲ್ಲವೇ ಎಂಬುದು. ಕೊನೆಯ ಅಂಶವನ್ನು ತುಂಬುವುದೇ ಕಷ್ಟವಾಗುತ್ತಿದೆ. ಎಷ್ಟೋ ಜನ ತಮ್ಮ ಗ್ರಂಥವನ್ನು ಕಾಲೇಜಿಗೆ ತಿಳಿಸಿಯೇ ಇಲ್ಲ. ಅಪೂರ್ಣವಾಗಿ ಉಳಿದ ಸಂಪಾದನೆಗಳಿಗೆ ಬೇರೆ ಹಾಳೆಯನ್ನಿಟ್ಟಿದ್ದೇನೆ. ಅದರ ಮೊದಲ ಸಾಲಿನಲ್ಲಿ ಕವಿಯ ಹೆಸರು ತಿಳಿಯದ ಒಂದು ಸಾಂಗತ್ಯವಿದೆ: ನಕಲಾದದ್ದು ಎರಡು ಸಂಧಿ, ಮೂಲಪ್ರತಿ ಲಭ್ಯವಿಲ್ಲ, ನಿಲ್ಲಿಸಲು ಕಾರಣ ಮಾರ್ಗದರ್ಶಕರ ಸಲಹೆ.